ಬಣ್ಣ ಆರಿಸುವ ಮೊದಲು ಬಲ್ಬು ನೋಡಿ

"ಕಾರ್ಡಲ್ಲಿ ನೋಡಿದ್ದು ಈ ಕಲರ್ ಅಲ್ಲ ಕಣ್ರೀ." ಗೌರಿ ಹಬ್ಬ ಹತ್ತಿರ ಬಂದಾಗ ತುಮಕೂರಿನ ಪೇಂಟ್ ಅಂಗಡಿಗಳಲ್ಲಿ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ. ಅಂಗಡಿಯವರು ಶೇಡ್ ಕಾರ್ಡ್ ತೆಗೆದು ನಂಬರ್ ತೋರಿಸುತ್ತಾರೆ. ನಂಬರ್ ಸರಿಯಾಗೇ ಇರುತ್ತದೆ. ಬಣ್ಣ ಬೆರೆಸುವ ಮಷೀನ್ ಹನಿ ಲೆಕ್ಕದಲ್ಲಿ ಕೆಲಸ ಮಾಡುತ್ತದೆ, ಅದು ತಪ್ಪುವುದು ಕಡಿಮೆ. ಹಾಗಂತ ಮನೆಯವರು ಸುಮ್ನೆ ಜಗಳ ತೆಗೆಯುತ್ತಿದ್ದಾರೆ ಅಂತಲೂ ಅಲ್ಲ. ಅಂಗಡಿಯಲ್ಲಿ ತಿಳಿ ಬಾದಾಮಿ ಬಣ್ಣ ಇದ್ದದ್ದು ಅವರ ಹಾಲ್‌ನಲ್ಲಿ ನಿಜಕ್ಕೂ ಕಿತ್ತಳೆ ಕಡೆಗೆ ವಾಲಿದೆ. ಇಬ್ಬರ ಮಾತೂ ಸರಿ.

ಪೇಂಟು ತಾನಾಗಿ ಬೆಳಕು ಕೊಡುವುದಿಲ್ಲ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ನುಂಗುತ್ತದೆ, ಉಳಿದದ್ದನ್ನು ವಾಪಸ್ ಕಳಿಸುತ್ತದೆ. ಹಾಗೆ ವಾಪಸ್ ಬಂದದ್ದನ್ನು ನಮ್ಮ ಕಣ್ಣು ಬಣ್ಣ ಅಂತ ಓದುತ್ತದೆ. ಬೆಳಕಿನಲ್ಲಿ ಕೆಂಪೇ ಕಡಿಮೆ ಇದ್ದರೆ ಎಷ್ಟೇ ದುಬಾರಿ ಕೆಂಪು ಪೇಂಟಾದರೂ ವಾಪಸ್ ಕೊಡಲು ಅದರ ಹತ್ತಿರ ಏನೂ ಇರುವುದಿಲ್ಲ. ಹಾಗಾಗಿ ಮನೆಗೆ ಬಣ್ಣ ಹೊಡೆಸುವವರು ಮೊದಲು ನೋಡಬೇಕಾದ್ದು ಕಿಟಕಿ, ಆಮೇಲೆ ಬಲ್ಬು. ಶೇಡ್ ಕಾರ್ಡ್ ಮೂರನೆಯದು.

ಬಲ್ಬಿನಿಂದಲೇ ಶುರು ಮಾಡೋಣ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹರಿಯಿತು. ಆ ಕಾಲದ ಬಲ್ಬು ಅಂದರೆ ಗಾಜಿನೊಳಗೆ ಕಾದು ಉರಿಯುವ ಎಳೆ. ಅದರ ಬೆಳಕು ಹಳದಿಯೇ, ಆದರೆ ಕೆಂಪಿನಿಂದ ನೇರಳೆ ತನಕ ಎಲ್ಲ ಬಣ್ಣವೂ ಅದರಲ್ಲಿ ಬಿಡುವಿಲ್ಲದೆ ಇರುತ್ತಿತ್ತು. ಈಗಿನ ಬಿಳಿ ಎಲ್‌ಇಡಿಯ ಕಥೆ ಬೇರೆ. ಅದರ ಹೊಟ್ಟೆಯಲ್ಲಿರುವುದು ನೀಲಿ ಬೆಳಕು ಕೊಡುವ ಚಿಪ್. ಆ ನೀಲಿ ಚಿಪ್ ಕಂಡುಹಿಡಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ಚಿಪ್ ಮೇಲೆ ಹಳದಿ ಫಾಸ್ಫರ್, ಅಂದರೆ ನೀಲಿ ಬೆಳಕಿನ ಒಂದು ಪಾಲನ್ನು ಹಳದಿಯಾಗಿಸುವ ಪುಡಿ, ಲೇಪಿಸಿರುತ್ತಾರೆ. ನೀಲಿಯೂ ಹಳದಿಯೂ ಸೇರಿ ಕಣ್ಣಿಗೆ ಬಿಳಿ ಅನ್ನಿಸುತ್ತದೆ. ಅಗ್ಗದ ಎಲ್‌ಇಡಿಗಳಲ್ಲಿ ಗಾಢ ಕೆಂಪು ತೀರಾ ಕಡಿಮೆ. ಅದಕ್ಕೇ ಅವುಗಳ ಕೆಳಗೆ ಕುಂಕುಮ ಕಂದಾಗಿ ಕಾಣುತ್ತದೆ, ಕೋಲಾರದ ಮಂಡಿಯಿಂದ ಅವತ್ತೇ ಬಂದ ಟೊಮ್ಯಾಟೊ ಹಳಸಿದ ಹಾಗೆ ಕಾಣುತ್ತದೆ.

ಬಲ್ಬಿನ ಡಬ್ಬದ ಮೇಲೆ ಎರಡು ಅಂಕಿ ಹುಡುಕಿ. ಒಂದು ಕೆಲ್ವಿನ್. 2700 ಅಥವಾ 3000 ಅಂತ ಇದ್ದರೆ ಹಳದಿ ಬೆಳಕು, 6500 ಅಂತ ಇದ್ದರೆ ನೀಲಿ ಕಡೆಗೆ ವಾಲಿದ ಬಿಳಿ. ಇನ್ನೊಂದು ಸಿಆರ್‌ಐ. ಬಣ್ಣಗಳನ್ನು ಬಲ್ಬು ಎಷ್ಟು ನಿಯತ್ತಾಗಿ ತೋರಿಸುತ್ತದೆ ಅನ್ನುವುದರ ಅಂಕ ಇದು. ಬಿಸಿಲಿಗೆ 100. ಬಲ್ಬಿಗೆ 80 ಇದ್ದರೆ ನಡೆಯುತ್ತದೆ, 90 ದಾಟಿದರೆ ಒಳ್ಳೆಯದು. ನಮ್ಮ ಕಡೆ ಜನ ವ್ಯಾಟ್ ಕೇಳುತ್ತಾರೆ, ರೇಟ್ ಕೇಳುತ್ತಾರೆ, ಇದನ್ನು ಮಾತ್ರ ಕೇಳುವುದಿಲ್ಲ. ಹಾಲ್‌ಗೆ ಸಾವಿರಾರು ರೂಪಾಯಿಯ ಪೇಂಟ್ ಹೊಡೆಸಿ ಮೂಲೆಯಲ್ಲಿ ಸಿಕ್ಕಿದ ಬಲ್ಬು ಸಿಗಿಸುವುದು ನನಗೆ ಇವತ್ತಿಗೂ ಅರ್ಥವಾಗದ ಲೆಕ್ಕ. ಬೆಡ್‌ರೂಮಿಗಂತೂ 6500ರ ಬಲ್ಬು ಬೇಡವೇ ಬೇಡ. ಕಣ್ಣಿನ ಪರದೆಯಲ್ಲಿ ನೋಟಕ್ಕಾಗಿ ಅಲ್ಲದೆ, ಹಗಲು ರಾತ್ರಿಯ ಲೆಕ್ಕ ಇಡುವುದಕ್ಕೇ ಒಂದು ಬಗೆಯ ಜೀವಕೋಶಗಳಿವೆ. ಅವು ನೀಲಿ ಬೆಳಕಿಗೆ ಜಾಸ್ತಿ ಎಚ್ಚರಗೊಳ್ಳುತ್ತವೆ. ರಾತ್ರಿ ಹತ್ತಕ್ಕೂ ಅವಕ್ಕೆ ಹಗಲಿನ ಸುದ್ದಿ ಹೋಗುತ್ತಿದ್ದರೆ ನಿದ್ದೆ ತಡವಾಗುತ್ತದೆ.

ಕರ್ಟನ್ ಮತ್ತು ಗೋಡೆ ಅಂಗಡಿಯಲ್ಲಿ ಮ್ಯಾಚ್ ಆಗಿ ಮನೆಯಲ್ಲಿ ಕೈಕೊಡುವುದಕ್ಕೂ ಇದೇ ಕಾರಣ. ಬಟ್ಟೆಗೆ ಹಾಕಿದ ಡೈ ಬೇರೆ, ಪೇಂಟಿನ ಪಿಗ್ಮೆಂಟ್ ಬೇರೆ. ಒಂದು ಬೆಳಕಿನಲ್ಲಿ ಎರಡೂ ಒಂದೇ ಥರ ಕಂಡರೂ, ಯಾವ ಬಣ್ಣವನ್ನು ಎಷ್ಟು ನುಂಗುತ್ತವೆ ಅನ್ನುವುದು ಬೇರೆ ಬೇರೆ. ಬೆಳಕು ಬದಲಾದರೆ ಗುಟ್ಟು ರಟ್ಟಾಗುತ್ತದೆ. ಬ್ಲೌಸ್ ಪೀಸ್ ತಗೊಂಡು ಅಂಗಡಿ ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿದು ನೋಡುವ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಪೇಂಟಿಗೂ ಅದೇ ಹುಷಾರಿ ಬೇಕು, ಅಷ್ಟೇ.

ಇನ್ನು ಆ ಬಾದಾಮಿ ಬಣ್ಣ ಕಿತ್ತಳೆಯಾದ ವಿಷಯ. ಅದು ಬರೀ ಬಲ್ಬಿನ ಕೆಲಸ ಅಲ್ಲ. ಒಂದು ಚಿಕ್ಕ ಲೆಕ್ಕ ಮಾಡಿ. ಒಂದು ತಿಳಿ ಪೇಂಟು ಕೆಂಪು ಬೆಳಕಿನಲ್ಲಿ ನೂರಕ್ಕೆ 85 ಪಾಲನ್ನು, ನೀಲಿಯಲ್ಲಿ 65 ಪಾಲನ್ನು ವಾಪಸ್ ಕಳಿಸುತ್ತದೆ ಅಂತ ಇಟ್ಟುಕೊಳ್ಳೋಣ. ಕಾರ್ಡಿನ ಮೇಲೆ ಬೆಳಕು ಒಂದು ಸಲ ಬಿದ್ದು ಕಣ್ಣಿಗೆ ಬರುತ್ತದೆ. ಕೆಂಪು 85, ನೀಲಿ 65, ವ್ಯತ್ಯಾಸ ಸ್ವಲ್ಪವೇ. ಆದರೆ ನಾಲ್ಕೂ ಗೋಡೆಗೆ ಅದೇ ಪೇಂಟ್ ಹೊಡೆದ ರೂಮಿನಲ್ಲಿ ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುತ್ತದೆ. ಪ್ರತಿ ಸಲವೂ ಅದೇ ಕಡಿತ. ಮೂರು ಸಲ ಪುಟಿದ ಬೆಳಕಿನಲ್ಲಿ ಕೆಂಪು 61 ಉಳಿಯುತ್ತದೆ, ನೀಲಿ 27ಕ್ಕೆ ಇಳಿದಿರುತ್ತದೆ. ಎರಡು ಪಟ್ಟಿಗೂ ಜಾಸ್ತಿ ಅಂತರ! ಹಾಗಾಗಿ ಇಡೀ ರೂಮಿಗೆ ಒಂದೇ ಬಣ್ಣ ಅಂದುಕೊಂಡವರು ಕಾರ್ಡಿನಲ್ಲಿ ಇಷ್ಟವಾದದ್ದಕ್ಕಿಂತ ಒಂದೆರಡು ಶೇಡ್ ತಿಳಿಯಾದದ್ದನ್ನು ಆರಿಸುವುದು ಒಳ್ಳೆಯದು. ಗಾಢ ಬಣ್ಣ ಬೇಕೇ ಬೇಕು ಅಂದರೆ ಒಂದು ಗೋಡೆಗೆ ಹೊಡೆಸಿ, ಉಳಿದ ಮೂರನ್ನು ಬಿಳಿ ಬಿಡಿ.

ಇದೇ ಲೆಕ್ಕ ಬೆಳಕಿನ ಪ್ರಮಾಣಕ್ಕೂ ಅನ್ವಯಿಸುತ್ತದೆ. ಒಳ್ಳೆಯ ಬಿಳಿ ಪೇಂಟು ಬಿದ್ದ ಬೆಳಕಿನಲ್ಲಿ ನೂರಕ್ಕೆ 80ರಷ್ಟನ್ನು ವಾಪಸ್ ಕೊಡುತ್ತದೆ. ಮೂರು ಸಲ ಪುಟಿದರೂ 51 ಉಳಿಯುತ್ತದೆ. ಅರ್ಧ ನುಂಗುವ ಪೇಂಟಾದರೆ ಮೂರನೆಯ ಸಲಕ್ಕೆ 12 ಉಳಿದರೆ ಹೆಚ್ಚು. ಸೀಲಿಂಗ್ ಬಿಳಿಯೇ ಇರಲಿ ಅಂತ ಪೇಂಟರ್‌ಗಳು ಹಟ ಹಿಡಿಯುವುದರಲ್ಲಿ ಅರ್ಥವಿದೆ.

ಈ ಪುಟಿಯುವ ಬೆಳಕಿಗೆ ನಮ್ಮ ಮನೆ, ಪಕ್ಕದ ಮನೆ ಅನ್ನುವ ಭೇದ ಇಲ್ಲ. ತುಮಕೂರಿರಲಿ, ಚಿಂತಾಮಣಿಯಿರಲಿ, ಹೊಸ ಬಡಾವಣೆಗಳಲ್ಲಿ ಮೂವತ್ತು ನಲವತ್ತರ ಸೈಟು. ಕಿಟಕಿ ತೆಗೆದರೆ ಕೈಗೆ ಸಿಗುವಷ್ಟು ಹತ್ತಿರ ಪಕ್ಕದವರ ಗೋಡೆ. ನಿಮ್ಮ ರೂಮಿಗೆ ಆಕಾಶದ ಬೆಳಕು ನೇರವಾಗಿ ಬರುವುದೇ ಇಲ್ಲ, ಆ ಗೋಡೆಗೆ ಬಡಿದು ಬರುತ್ತದೆ. ಅವರು ಗಿಣಿ ಹಸಿರು ಹೊಡೆಸಿದರೆ ನಿಮ್ಮ ಬೆಡ್‌ರೂಮಿನ ಬಿಳಿಯೂ ತುಸು ಹಸಿರೇ. ಬಣ್ಣ ಆರಿಸುವಾಗ ಪಕ್ಕದ ಮನೆಯವರ ಹತ್ತಿರ ಒಂದು ಮಾತು ಆಡಿ ಅಂದರೆ ಜನ ನಗುತ್ತಾರೆ, ಆದರೆ ಫಿಸಿಕ್ಸ್ ಹೇಳುವುದು ಅದನ್ನೇ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲವೂ ಹಾಗೇ. ಬಿಸಿಲು ಬಿದ್ದಾಗ ಗೋಡೆಯ ಕೆಳಭಾಗಕ್ಕೆ ಕೆಂಪು ಎರಚುತ್ತದೆ. ಅಂಥ ಮನೆಯಲ್ಲಿ ತಣ್ಣನೆಯ ಬೂದು ಬಣ್ಣ ಹೊಡೆಸಿ ಪೇಂಟರ್‌ನ ಬೈಯಬೇಡಿ.

ದಿಕ್ಕಿನ ವಿಷಯದಲ್ಲಿ ಇಂಟರ್‌ನೆಟ್ ನೋಡಿ ಕೆಡುವವರು ಜಾಸ್ತಿ. "ಉತ್ತರದ ರೂಮಿಗೆ ಬಿಸಿಲೇ ಬರಲ್ಲ, ಅಲ್ಲಿಗೆ ಹಳದಿ ಕೆಂಪು ಬಣ್ಣ ಹೊಡೆಸಿ" ಅನ್ನುವ ಸಲಹೆ ಲಂಡನ್‌ಗೆ ಸರಿ. ಲಂಡನ್ ಇರುವುದು 51 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಡಿಸೆಂಬರ್ ಮಧ್ಯಾಹ್ನದ ಸೂರ್ಯ ದಿಗಂತದಿಂದ ಬರೀ 15 ಡಿಗ್ರಿ ಮೇಲೆ ಇರುತ್ತಾನೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ 13 ಡಿಗ್ರಿಯ ಆಸುಪಾಸಿನಲ್ಲಿವೆ. ಇಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ನಡುನೆತ್ತಿಗೆ ಬರುತ್ತಾನೆ, ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ನಡುವಿನಲ್ಲಿ ಒಮ್ಮೆ. ಈ ಎರಡರ ಮಧ್ಯೆ ಮಧ್ಯಾಹ್ನದ ಬಿಸಿಲು ಬೀಳುವುದೇ ಉತ್ತರದ ಗೋಡೆಗೆ! ಜೂನ್‌ನಲ್ಲಿ ಮೋಡ ಸರಿದರೆ ಬೆಳಿಗ್ಗೆ, ಸಂಜೆ ಉತ್ತರದ ಕಿಟಕಿಯಲ್ಲೂ ಓರೆ ಬಿಸಿಲು ಒಳಗೆ ಬರುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ, ಆಗ ಸಜ್ಜಾ ಕೆಳಗೆ ನುಸುಳಿ ದಕ್ಷಿಣದ ರೂಮಿನ ನೆಲಕ್ಕೆ ಬೀಳುತ್ತಾನೆ. ನಮಗೆ ತಲೆನೋವು ಪಶ್ಚಿಮದ ಕಿಟಕಿ. ಸಂಜೆ ನಾಲ್ಕರ ಮೇಲೆ ಅಲ್ಲಿ ನೇರ, ಕೆಂಪು ಕಡೆಗೆ ವಾಲಿದ ಬೆಳಕು. ಆ ರೂಮಿಗೆ ಹಳದಿ ಹೊಡೆಸಿದರೆ ಸಂಜೆ ಹೊತ್ತು ಕಣ್ಣು ಉರಿಯುತ್ತದೆ.

ಬೆಳಕು, ಗೋಡೆ ಆಯಿತು. ಇನ್ನು ಕಣ್ಣು. ಪ್ಯಾರಿಸ್‌ನ ಗೊಬೆಲಿನ್ಸ್ ಎಂಬ ನೇಯ್ಗೆ ಕಾರ್ಖಾನೆಯಲ್ಲಿ ಮಿಶೆಲ್ ಶೆವ್ರೊಲ್ ಎಂಬ ರಸಾಯನ ವಿಜ್ಞಾನಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದರು. ಕಪ್ಪು ನೂಲಿಗೆ ಬಣ್ಣ ಸರಿಯಾಗಿ ಹಿಡಿದಿಲ್ಲ ಅಂತ ಅವರಿಗೆ ದೂರು ಬಂತು. ನಮ್ಮ ಪೇಂಟ್ ಅಂಗಡಿಯ ಜಗಳವೇ. ಪರೀಕ್ಷೆ ಮಾಡಿದರೆ ಡೈ ಸರಿಯಾಗಿತ್ತು. ಆ ಕಪ್ಪು ನೂಲನ್ನು ನೀಲಿ, ನೇರಳೆ ನೂಲುಗಳ ಪಕ್ಕ ನೇಯ್ದಿದ್ದರು, ಅದಕ್ಕೆ ಕಪ್ಪು ಪೇಲವವಾಗಿ ಕಾಣುತ್ತಿತ್ತು. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ವಿರುದ್ಧ ದಿಕ್ಕಿಗೆ ತಳ್ಳುತ್ತವೆ ಅನ್ನುವುದನ್ನು ಅವರು 1839ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. (ಶೆವ್ರೊಲ್ 102 ವರ್ಷ ಬದುಕಿದರು. ದೂರು ಕೇಳಲು ಸಾಕಷ್ಟು ಸಮಯ ಇತ್ತು ಅನ್ನಿ.)

ಮನೆಗೆ ತರುವ ದಿಂಬಿನ ಕವರ್, ಕರ್ಟನ್, ಹೂದಾನಿ, ಕಾರ್ಪೆಟ್ ಕೆಲಸ ಮಾಡುವುದೇ ಹೀಗೆ. ಬೂದು ಗೋಡೆಯ ಮುಂದೆ ಕಿತ್ತಳೆ ಸೋಫಾ ಇಟ್ಟರೆ ಗೋಡೆ ನೀಲಿ ಛಾಯೆಗೆ ತಿರುಗುತ್ತದೆ. ಸೋಫಾಗೆ ನೀಲಿ ಹೊದಿಕೆ ಹಾಕಿದರೆ ಅದೇ ಗೋಡೆ ಬೆಚ್ಚಗೆ ಕಾಣುತ್ತದೆ. ಚಿಕ್ಕಬಳ್ಳಾಪುರದ ಕಡೆಯ ತೋಟದ ಚೆಂಡು ಹೂವನ್ನು ಮಾವಿನೆಲೆ ಜೊತೆ ಬಾಗಿಲಿಗೆ ಕಟ್ಟಿದಾಗ ಹೂವು ಬುಟ್ಟಿಯಲ್ಲಿದ್ದಾಗಿನಕ್ಕಿಂತ ಕೆಂಪಾಗಿ, ಎಲೆ ಮರದಲ್ಲಿದ್ದಾಗಿನಕ್ಕಿಂತ ಹಸಿರಾಗಿ ಕಾಣುವುದನ್ನು ಗಮನಿಸಿದ್ದೀರಲ್ವಾ? ಗೊಂಬೆ ಕೂರಿಸುವ ಮೆಟ್ಟಿಲಿಗೆ ಬಿಳಿ ಬಟ್ಟೆ ಹಾಸುವುದೂ ಜಾಣತನವೇ. ಬಿಳಿ ಯಾವ ಗೊಂಬೆಯ ಬಣ್ಣವನ್ನೂ ಅತ್ತಿತ್ತ ಎಳೆಯುವುದಿಲ್ಲ.

ಹಳೆಯ ರೇಷ್ಮೆ ಸೀರೆಯಿಂದ ದಿಂಬಿನ ಕವರ್ ಹೊಲಿಸುವವರಿಗೆ ಒಂದು ಮಾತು. ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ಗೂಡಿನಿಂದ ತೆಗೆದ ಎಳೆಯನ್ನು ಅಡ್ಡ ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹೆಚ್ಚುಕಡಿಮೆ ತ್ರಿಕೋನ. ಆ ಚಪ್ಪಟೆ ಮೈಗಳು ಬೆಳಕನ್ನು ಬೇರೆ ಬೇರೆ ಕೋನಕ್ಕೆ ತಿರುಗಿಸುತ್ತವೆ, ಹೊಳಪು ಬರುವುದು ಅಲ್ಲಿಂದ. ಒಂದು ಪಕ್ಕದಿಂದ ಬೆಳಕು ಬೀಳುವ ಕಡೆ ಇಟ್ಟರೆ ರೇಷ್ಮೆ ಜೀವ ತಳೆಯುತ್ತದೆ. ನೇರ ಬಿಸಿಲಿಗೆ ಮಾತ್ರ ಬೇಡ. ಬಿಸಿಲಿನ ನೇರಳಾತೀತ ಕಿರಣ ಎಳೆಯನ್ನೇ ಪುಡಿ ಮಾಡುತ್ತದೆ.

ಬಣ್ಣ ಮಾಸುವುದನ್ನು ನೋಡಬೇಕೆಂದರೆ ಕಟಿಂಗ್ ಶಾಪಿನ ಕಿಟಕಿ ಸಾಕು. ಅಲ್ಲಿ ವರ್ಷಗಟ್ಟಲೆ ಅಂಟಿಸಿದ ಪೋಸ್ಟರ್‌ನ ಹೀರೊ ಮುಖ ನೀಲಿಯಾಗಿರುತ್ತದೆ. ಮುದ್ರಣದ ಕೆಂಪು, ಹಳದಿ ಶಾಯಿ ಬಿಸಿಲಿಗೆ ಬೇಗ ಒಡೆಯುತ್ತವೆ, ನೀಲಿಗೆ ಬಳಸುವ ಥಾಲೊಸಯನಿನ್ ಗಟ್ಟಿ ಕುಳ. ಇದಕ್ಕೆ ಪೂರ್ತಿ ಉಲ್ಟಾ ನಮ್ಮ ಕೆಮ್ಮಣ್ಣು. ದೇವಸ್ಥಾನದ ಗೋಡೆಗೆ ಸುಣ್ಣದ ಪಕ್ಕ ಬಳಿಯುವ ಆ ಕೆಂಪು ಪಟ್ಟೆ ಕಬ್ಬಿಣದ ಆಕ್ಸೈಡ್. ಅಂದರೆ ತುಕ್ಕಿನ ನೆಂಟ. ಅದು ಆಗಲೇ ಆಮ್ಲಜನಕದ ಜೊತೆ ಸೇರಿ ಸ್ಥಿರವಾಗಿ ಕೂತಿದೆ, ಬಿಸಿಲು ಇನ್ನೇನು ಕಿತ್ತುಕೊಳ್ಳಬೇಕು? ಮಳೆ ತೊಳೆದರೆ ಹೋದೀತು, ಬಿಸಿಲಿಗೆ ಮಾಸದು. ಕಿಟಕಿ ಪಕ್ಕದ ಗೋಡೆಗೆ ಕೆಂಪು ಬೇಕೆಂದರೆ ಕಣ್ಣು ಕುಕ್ಕುವ ಕೆಂಪಿಗಿಂತ ಮಣ್ಣಿನ ಕೆಂಪು ಬಾಳಿಕೆ ಬರುತ್ತದೆ.

ಸುಣ್ಣವನ್ನು ಈಗ ಯಾರೂ ಮೂಸುವುದಿಲ್ಲ, ಆದರೆ ಅದರಲ್ಲೊಂದು ಮಜಾ ಇದೆ. ಬಳಿದ ಹೊಸತರಲ್ಲಿ ಹಿಂದಿನ ಗೋಡೆ ಕಾಣುತ್ತಿರುತ್ತದೆ, ಒಣಗುತ್ತಾ ಬೆಳ್ಳಗಾಗುತ್ತದೆ. ಸುಣ್ಣದ ಕಣಗಳ ನಡುವೆ ನೀರಿದ್ದಾಗ ಬೆಳಕು ಹೆಚ್ಚು ಚದುರದೆ ದಾಟುತ್ತದೆ. ನೀರು ಹೋಗಿ ಗಾಳಿ ಬಂದಾಗ ಪ್ರತಿ ಕಣದ ಅಂಚಿನಲ್ಲೂ ಚದುರುತ್ತದೆ. ಎಮಲ್ಷನ್ ಪೇಂಟಿನದು ತದ್ವಿರುದ್ಧ. ಹಸಿಯಿದ್ದಾಗ ಅದರೊಳಗಿನ ಪ್ಲಾಸ್ಟಿಕ್ ಹನಿಗಳು ಬೆಳಕು ಚದುರಿಸಿ ಬಣ್ಣ ತಿಳಿಯಾಗಿ ಕಾಣುತ್ತದೆ. ಒಣಗಿದಾಗ ಹನಿಗಳು ಕೂಡಿಕೊಂಡು ಪಾರದರ್ಶಕವಾಗಿ ಬಣ್ಣ ಗಾಢವಾಗುತ್ತದೆ. ಮೊದಲ ಕೋಟ್ ಹಸಿಯಿರುವಾಗಲೇ "ಇನ್ನೊಂದು ಶೇಡ್ ಡಾರ್ಕ್ ಮಾಡಿ" ಅನ್ನುವವರು ಒಂದು ದಿನ ಕಾಯಿರಿ. ಸುಣ್ಣಕ್ಕೆ ಚಿಟಿಕೆ ನೀಲಿ ಹಾಕುತ್ತಿದ್ದದ್ದು ಅದರ ಹಳದಿ ಛಾಯೆ ಮುಚ್ಚುವುದಕ್ಕೆ. ನೀಲಿ ಹಾಕಿದರೆ ಗೋಡೆ ವಾಪಸ್ ಕೊಡುವ ಬೆಳಕು ನಿಜವಾಗಿ ಕಡಿಮೆಯಾಗುತ್ತದೆ, ಕಣ್ಣು ಮಾತ್ರ ಹೆಚ್ಚು ಬಿಳಿ ಅನ್ನುತ್ತದೆ.

ಹಸಿರು ಬಳಿದರೆ ಶಾಂತಿ, ಕೆಂಪು ಬಳಿದರೆ ಕೋಪ ಅನ್ನುವ ಪಟ್ಟಿಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. 1979ರಲ್ಲಿ ಅಮೆರಿಕದ ಸಿಯಾಟಲ್‌ನ ನೌಕಾಪಡೆಯ ಸೆರೆಮನೆಯಲ್ಲಿ ಒಂದು ಕೋಣೆಗೆ ಗುಲಾಬಿ ಬಣ್ಣ ಹೊಡೆಸಿ ಕೈದಿಗಳು ಮೆತ್ತಗಾದರು ಅಂತ ದೊಡ್ಡ ಸುದ್ದಿಯಾಯಿತು. ಆಮೇಲೆ ಬಿಗಿಯಾಗಿ ಮಾಡಿದ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. ಒಳಗಿನ ಗೋಡೆಗೆ ನೀಲಿ ಹೊಡೆಸಿದರೆ ಸೆಕೆಯೂ ಕಡಿಮೆಯಾಗುವುದಿಲ್ಲ. ಸೆಕೆ ತಗ್ಗಿಸಲು ಬಿಳಿ ಬಳಿಯಬೇಕಾದದ್ದು ತಾರಸಿಯ ಮೇಲೆ.

ಕೆಲಸಕ್ಕೆ ಬರುವುದು ಇಷ್ಟು. ಎರಡಡಿ ಅಗಲದ ಎರಡು ರಟ್ಟಿಗೆ ಸ್ಯಾಂಪಲ್ ಪೇಂಟ್ ಎರಡು ಕೋಟ್ ಹೊಡೆದು, ಒಂದನ್ನು ಕಿಟಕಿ ಇರುವ ಗೋಡೆಗೆ, ಇನ್ನೊಂದನ್ನು ಅದರ ಎದುರಿನ ಗೋಡೆಗೆ ಒರಗಿಸಿ. ಬೆಳಿಗ್ಗೆ, ಸಂಜೆ, ರಾತ್ರಿ ನಿಮ್ಮ ಬಲ್ಬಿನ ಕೆಳಗೆ ನೋಡಿ. ಮೊಬೈಲ್ ಫೋಟೊ ನಂಬಬೇಡಿ, ಕ್ಯಾಮೆರಾ ಬೆಳಕನ್ನು ತಾನೇ ಸರಿಪಡಿಸಿಕೊಂಡು ಬಿಡುತ್ತದೆ. ಶೇಡ್ ನಂಬರ್ ಬರೆದಿಟ್ಟುಕೊಳ್ಳಿ. ಆದರೂ ವರ್ಷದ ಮೇಲೆ ಅದೇ ಡಬ್ಬದಿಂದ ಒಂದು ತೇಪೆ ಹಾಕಿದರೆ ಗೊತ್ತಾಗುತ್ತದೆ, ಯಾಕೆಂದರೆ ಗೋಡೆ ಅಷ್ಟರಲ್ಲಿ ಮಾಸಿರುತ್ತದೆ. ತೇಪೆ ಬೇಡ, ಮೂಲೆಯಿಂದ ಮೂಲೆಗೆ ಇಡೀ ಗೋಡೆ ಹೊಡೆಸಿ. ಮೂಲೆಯ ಎರಡೂ ಕಡೆಯ ಗೋಡೆಗಳಿಗೆ ಬೀಳುವ ಬೆಳಕು ಹೇಗೂ ಬೇರೆ ಬೇರೆ ಇರುವುದರಿಂದ ಹೊಸದು ಎಲ್ಲಿ ಮುಗಿಯಿತು, ಹಳೆಯದು ಎಲ್ಲಿ ಶುರುವಾಯಿತು ಅನ್ನುವುದು ಯಾರಿಗೂ ತಿಳಿಯುವುದಿಲ್ಲ.