ನೆರವಿನ ಹಣ ಏರುವ, ಇಳಿಯುವ ಲೆಕ್ಕ

ಎಲ್ಲಿಯಾದರೂ ನೆರೆ ಬಂದಾಗ ಅಥವಾ ಗುಡ್ಡ ಕುಸಿದಾಗ ಮೊದಲ ಮೂರ್ನಾಲ್ಕು ದಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನೆರವಿನ ಹಣ ಕೇಳುವ ಮೊದಲೇ ಸೇರುತ್ತದೆ. ಎರಡನೆಯ ವಾರದ ಹೊತ್ತಿಗೆ ಕೇಳಿದರೂ ಬರುವುದಿಲ್ಲ. ಆಗ ಯಾರಾದರೊಬ್ಬರು ‘ಜನರಲ್ಲಿ ಮಾನವೀಯತೆ ಸತ್ತುಹೋಗಿದೆ’ ಎಂದು ಬರೆದೇ ಬರೆಯುತ್ತಾರೆ, ಹತ್ತಾರು ಜನ ಅದಕ್ಕೆ ಹೌದೆನ್ನುತ್ತಾರೆ. ಈ ತೀರ್ಮಾನದ ಬಗ್ಗೆ ನನಗೆ ತಾಳ್ಮೆಯಿಲ್ಲ. ಮೊದಲ ದಿನ ಉದಾರಿಯಾಗಿದ್ದ ಮನುಷ್ಯ ಹತ್ತನೆಯ ದಿನಕ್ಕೆ ಕಲ್ಲೆದೆಯವನಾಗುವುದಿಲ್ಲ. ನೆರವಿನ ಹಣದ ಏರಿಳಿತಕ್ಕೆ ಜನರ ಗುಣಾವಗುಣಗಳಿಗಿಂತ ಅವರು ಒಬ್ಬರನ್ನೊಬ್ಬರು ಗಮನಿಸುವ ಬಗೆಯೇ ಹೆಚ್ಚು ಕಾರಣ, ಮತ್ತು ಅದನ್ನು ಸಮೀಕರಣದಲ್ಲಿ ಬರೆದು ತೋರಿಸಿದವರಿದ್ದಾರೆ.

2004ರ ಡಿಸೆಂಬರ್ 26ರ ಸುನಾಮಿಯ ಹಿಂದುಮುಂದಿನ ದೇಣಿಗೆಗಳ ದಾಖಲೆಯನ್ನು ವಿಶ್ಲೇಷಿಸಿದ ಫ್ರಾಂಕ್ ಶ್ವೈಟ್ಜರ್ ಮತ್ತು ರಾಬರ್ಟ್ ಮಾಖ್ ಎಂಬ ಸಂಶೋಧಕರು 2008ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಸಾಂಕ್ರಾಮಿಕ ರೋಗಗಳು ಹರಡುವುದನ್ನು ಅಳೆಯಲು ಯಾವ ಬಗೆಯ ಸಮೀಕರಣವನ್ನು ಬಳಸುತ್ತಾರೋ ಅದೇ ಬಗೆಯದು ದೇಣಿಗೆಗೂ ಹೊಂದಿಕೊಂಡಿತು. ಒಟ್ಟು ಮೊತ್ತದ ರೇಖೆ ಮೊದಲು ನಿಧಾನವಾಗಿ, ಆಮೇಲೆ ಕಡಿದಾಗಿ ಏರಿ, ಕೊನೆಗೆ ಮಟ್ಟಸವಾಯಿತು; ಆದರೆ ದಿನ ಕಳೆದಂತೆ ಸಾರ್ವಜನಿಕರ ಆಸಕ್ತಿ ಕುಗ್ಗುವುದನ್ನು ಸೂಚಿಸುವ ಇನ್ನೊಂದು ಅಂಶವನ್ನು ಸಮೀಕರಣಕ್ಕೆ ಸೇರಿಸಬೇಕಾಯಿತು. ಇದಕ್ಕಿಂತಲೂ ಸ್ವಾರಸ್ಯದ ಸಂಗತಿಯೆಂದರೆ, ದೊಡ್ಡ ಮತ್ತು ಸಣ್ಣ ದೇಣಿಗೆಗಳ ನಡುವಿನ ಹಂಚಿಕೆಯ ಸ್ವರೂಪ ಸುನಾಮಿಗೆ ಮೊದಲು ಹೇಗಿತ್ತೋ ನಂತರವೂ ಹಾಗೆಯೇ ಇತ್ತು.

ಈ ಸಮೀಕರಣದ ತಿರುಳನ್ನು ಗುಣಾಕಾರ ಬಲ್ಲ ಯಾರೂ ಹಿಡಿಯಬಹುದು. ಇನ್ನೂರು ಜನರ ಒಂದು ಗುಂಪು ಇದೆ ಎಂದುಕೊಳ್ಳಿ. ಇಂದು ಹೊಸದಾಗಿ ಎಷ್ಟು ಜನ ಹಣ ಕೊಡುತ್ತಾರೆ ಎಂಬುದು, ಈಗಾಗಲೇ ಕೊಟ್ಟವರ ಸಂಖ್ಯೆಯನ್ನು ಇನ್ನೂ ಕೊಡದವರ ಸಂಖ್ಯೆಯಿಂದ ಗುಣಿಸಿದಾಗ ಬರುವ ಗುಣಲಬ್ಧಕ್ಕೆ ಅನುಗುಣವಾಗಿರುತ್ತದೆ. ಹತ್ತು ಜನ ಕೊಟ್ಟು 190 ಜನ ಉಳಿದಿದ್ದರೆ ಗುಣಲಬ್ಧ 1,900. ನೂರು ಜನ ಕೊಟ್ಟು ನೂರು ಜನ ಉಳಿದಿದ್ದರೆ 10,000. 190 ಜನ ಕೊಟ್ಟು ಹತ್ತೇ ಜನ ಉಳಿದರೆ ಮತ್ತೆ 1,900. ಅಂದರೆ ಮೊದಲ ಹಂತದಲ್ಲಿ ತೋರಿಸುವವರು ಕಡಿಮೆ, ಕೊನೆಯ ಹಂತದಲ್ಲಿ ನೋಡುವವರು ಕಡಿಮೆ, ನಡುವೆ ಎರಡೂ ತುಂಬಿರುವುದರಿಂದ ಹಣ ಒಮ್ಮೆಲೇ ಉಕ್ಕುತ್ತದೆ. ಈಗ ಈ ಗುಣಲಬ್ಧವನ್ನು ದಿನದಿಂದ ದಿನಕ್ಕೆ ಕಿರಿದಾಗುವ ‘ಗಮನ’ ಎಂಬ ಇನ್ನೊಂದು ಸಂಖ್ಯೆಯಿಂದ ಗುಣಿಸಿ. ಮೂರನೆಯ ದಿನಕ್ಕೂ ಹತ್ತೇ ಜನರಲ್ಲಿ ನಿಂತಿರುವ ಗುಂಪು ನೂರನ್ನು ಮುಟ್ಟುವ ಮೊದಲೇ ಗಮನ ಬತ್ತಿಹೋಗುತ್ತದೆ. ಮೊದಲೆರಡು ದಿನಗಳ ಬೆಲೆ ಇರುವುದು ಆಗ ಸೇರುವ ಮೊತ್ತದಲ್ಲಲ್ಲ, ಕೊಟ್ಟವರು ಎಷ್ಟು ಜನರ ಕಣ್ಣಿಗೆ ಬಿದ್ದರು ಎಂಬುದರಲ್ಲಿ.

ಕಣ್ಣಿಗೆ ಬೀಳುವ ಈ ವಿಷಯವನ್ನು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೋವೆಟರ್ 1978ರಲ್ಲೇ ಗಲಭೆಯ ಉದಾಹರಣೆಯಿಂದ ವಿವರಿಸಿದ್ದರು. ಅದನ್ನು ದೇಣಿಗೆಗೆ ಅನ್ವಯಿಸುತ್ತೇನೆ. ಪ್ರತಿಯೊಬ್ಬರಿಗೂ ಒಂದು ಹೊಸ್ತಿಲು ಸಂಖ್ಯೆ ಇರುತ್ತದೆ: ಒಬ್ಬರು ಯಾರನ್ನೂ ನೋಡದೆ ಕೊಡುತ್ತಾರೆ, ಇನ್ನೊಬ್ಬರು ಒಬ್ಬರಾದರೂ ಕೊಟ್ಟ ಮೇಲೆ, ಮತ್ತೊಬ್ಬರು ಇಬ್ಬರು ಕೊಟ್ಟ ಮೇಲೆ, ಹೀಗೆ ನೂರನೆಯವರು 99 ಜನ ಕೊಟ್ಟ ಮೇಲೆ. ಇಂಥ ನೂರು ಜನರ ಗುಂಪಿನಲ್ಲಿ ಒಬ್ಬರಿಂದ ಒಬ್ಬರಿಗೆ ಸರಪಳಿ ಸಾಗಿ ಎಲ್ಲರೂ ಕೊಡುತ್ತಾರೆ. ಈಗ ಒಂದೇ ಒಂದು ಬದಲಾವಣೆ ಮಾಡಿ. ಹೊಸ್ತಿಲು 1 ಇದ್ದ ವ್ಯಕ್ತಿಯ ಹೊಸ್ತಿಲನ್ನು 2 ಮಾಡಿ. ಮೊದಲನೆಯವರು ಕೊಡುತ್ತಾರೆ, ಮುಂದೆ ಯಾರೂ ಕದಲುವುದಿಲ್ಲ. ಎರಡು ಗುಂಪುಗಳಲ್ಲಿ 99 ಜನರ ಸ್ವಭಾವ ಕೂದಲೆಳೆಯಷ್ಟೂ ಬೇರೆಯಿಲ್ಲ, ಆದರೂ ಒಂದರಲ್ಲಿ ನೂರು ಜನ ಕೊಟ್ಟರು, ಇನ್ನೊಂದರಲ್ಲಿ ಒಬ್ಬರೇ ಕೊಟ್ಟರು. ಫಲಿತಾಂಶವನ್ನು ನೋಡಿ ಜನರ ಹೃದಯವನ್ನು ಅಳೆಯುವುದು ಎಷ್ಟು ತಪ್ಪು ಎಂಬುದಕ್ಕೆ ಇದಕ್ಕಿಂತ ಚೊಕ್ಕವಾದ ಪುರಾವೆ ನನಗೆ ಗೊತ್ತಿಲ್ಲ.

ನಮ್ಮ ಕಡೆಯ ಮದುವೆಗಳಲ್ಲಿ ಮುಯ್ಯಿ ಬರೆಯುವವರು ಪುಸ್ತಕ ಹಿಡಿದು ಕುಳಿತಿರುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ. ಸಾಲಿನಲ್ಲಿ ನಿಂತವರು ತಮಗಿಂತ ಮೊದಲು ಬರೆಸಿದವರ ಹೆಸರಿನ ಮುಂದಿರುವ ಮೊತ್ತವನ್ನು ಓರೆಗಣ್ಣಿನಿಂದ ನೋಡಿಯೇ ಕಿಸೆಗೆ ಕೈ ಹಾಕುತ್ತಾರೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದ ನಂತರ ದಾವಣಗೆರೆಯ ಹಳೆಯ ವಿದ್ಯಾರ್ಥಿಗಳ ಗುಂಪೊಂದರಲ್ಲಿ ನಾನು ಕಂಡದ್ದು ಈ ಪುಸ್ತಕದ ಮೊಬೈಲ್ ರೂಪವನ್ನು. ಒಬ್ಬರು ‘1. ಕೊಟ್ರೇಶ್ – 1,000’ ಎಂದು ಆರಂಭಿಸಿದರು. ಮುಂದಿನವರು ಆ ಸಂದೇಶವನ್ನು ನಕಲು ಮಾಡಿ ಕೆಳಗೆ ತಮ್ಮ ಹೆಸರು ಸೇರಿಸಿ ಮತ್ತೆ ಹಾಕಿದರು. ಇಬ್ಬರು ಒಂದೇ ಹೊತ್ತಿಗೆ ನಕಲು ಮಾಡಿದ್ದರಿಂದ 14ನೆಯ ಕ್ರಮಸಂಖ್ಯೆ ಎರಡಾಯಿತು, ಪಟ್ಟಿ ಕವಲೊಡೆಯಿತು, ಒಂದು ಕವಲಿನಲ್ಲಿದ್ದ ತಿಪ್ಪೇಸ್ವಾಮಿ ಇನ್ನೊಂದರಲ್ಲಿ ಮಾಯವಾದರು. ಹಣ ಹಾಕಿದವರು ಹೆಸರಿನ ಪಕ್ಕ ಹಸಿರು ಗುರುತು ಹಾಕಬೇಕೆಂದು ಖಜಾಂಚಿ ಕೇಳಿಕೊಂಡರೂ ಗುರುತು ಹಾಕಿ ಹಣ ಮರೆತವರು, ಹಣ ಹಾಕಿ ಗುರುತು ಮರೆತವರು ಇಬ್ಬರೂ ಇದ್ದರು. ಆತ ರಾತ್ರಿ ಕುಳಿತು ಬ್ಯಾಂಕಿನ ಸಂದೇಶಗಳೊಡನೆ ತಾಳೆ ನೋಡಬೇಕಾಯಿತು. ಇಷ್ಟೆಲ್ಲ ಗೊಂದಲವಿದ್ದರೂ ಈ ಪಟ್ಟಿ ಚೆಲುವಾದ ಯಾವುದೇ ಭಿತ್ತಿಪತ್ರಕ್ಕಿಂತ ಚೆನ್ನಾಗಿ ಕೆಲಸ ಮಾಡಿತು, ಏಕೆಂದರೆ ಪ್ರತಿ ಹೊಸ ಹೆಸರಿನೊಂದಿಗೆ ಹಳೆಯ ಹೆಸರುಗಳೆಲ್ಲ ಮತ್ತೊಮ್ಮೆ ಎಲ್ಲರ ಕಣ್ಣೆದುರು ಬರುತ್ತಿದ್ದವು.

ಮೊದಲ ಸಾಲಿನ ಮೊತ್ತ ಎಷ್ಟಿರಬೇಕು ಎಂಬುದೂ ಪರೀಕ್ಷೆಗೆ ಒಳಪಟ್ಟ ವಿಷಯವೇ. ಜೆನ್ ಶಾಂಗ್ ಮತ್ತು ರೇಚಲ್ ಕ್ರೋಸನ್ ಅಮೆರಿಕದ ಸಾರ್ವಜನಿಕ ರೇಡಿಯೊ ಕೇಂದ್ರವೊಂದಕ್ಕೆ ಕರೆ ಮಾಡಿದ ದಾನಿಗಳಿಗೆ, ಇನ್ನೊಬ್ಬ ಕೇಳುಗರು ಇಷ್ಟು ಕೊಟ್ಟಿದ್ದಾರೆ ಎಂದು 75, 180 ಅಥವಾ 300 ಡಾಲರಿನ ಮೊತ್ತವನ್ನು ತಿಳಿಸಿ ನೋಡಿದರು. 300 ಡಾಲರಿನ ಮಾತು ಕೇಳಿದವರ ದೇಣಿಗೆ, ಏನನ್ನೂ ಕೇಳದವರದಕ್ಕಿಂತ ಸರಾಸರಿ ಶೇ 12ರಷ್ಟು ಹೆಚ್ಚಿತು. ವಾಟ್ಸ್‌ಆ್ಯಪ್ ಪಟ್ಟಿಯಲ್ಲಿ ಮಾತ್ರ ಇನ್ನೊಂದು ಎಚ್ಚರ ಬೇಕು ಎಂದು ನನಗನ್ನಿಸುತ್ತದೆ. ಮೊದಲ ಐದು ಹೆಸರುಗಳ ಮುಂದೆ ಹತ್ತು ಸಾವಿರ ಇದ್ದರೆ, ಇನ್ನೂರು ರೂಪಾಯಿ ಕೊಡಬೇಕೆಂದಿದ್ದ ಪ್ರೌಢಶಾಲೆಯ ಅತಿಥಿ ಶಿಕ್ಷಕರು ಸುಮ್ಮನಾಗುತ್ತಾರೆ, ಮತ್ತು ಅವರೊಂದಿಗೆ ಅವರ ಹಿಂದಿನ ಸರಪಳಿಯೂ ಸುಮ್ಮನಾಗುತ್ತದೆ. ಮೊತ್ತವನ್ನು ಬಿಟ್ಟು ಹೆಸರನ್ನಷ್ಟೇ ಬರೆಯುವ ಪದ್ಧತಿ ಇಂಥ ಗುಂಪುಗಳಿಗೆ ಒಳ್ಳೆಯದು.

ಫೋನಿನ ಮೂಲಕ ಕೊಡುವುದು ಎಷ್ಟು ಕ್ಷಣದ ಕೆಲಸ ಎಂಬುದು ಜಗತ್ತಿಗೆ ದೊಡ್ಡ ಪ್ರಮಾಣದಲ್ಲಿ ಗೊತ್ತಾದದ್ದು 2010ರ ಜನವರಿ 12ರ ಹೈಟಿ ಭೂಕಂಪದಲ್ಲಿ. ‘ಹೈಟಿ’ ಎಂಬ ಒಂದು ಪದವನ್ನು 90999 ಸಂಖ್ಯೆಗೆ ಎಸ್ಸೆಮ್ಮೆಸ್ ಮಾಡಿದರೆ ಹತ್ತು ಡಾಲರ್ ಫೋನಿನ ಬಿಲ್ಲಿಗೆ ಸೇರುತ್ತಿತ್ತು; ಅಮೆರಿಕದ ರೆಡ್‌ಕ್ರಾಸ್ ಸಂಸ್ಥೆಗೆ ಹೀಗೆ ಬಂದ ಹಣ ಮೂರು ಕೋಟಿ ಡಾಲರ್ ದಾಟಿತು. ಕೊಟ್ಟವರನ್ನು ಪ್ಯೂ ಸಂಶೋಧನಾ ಕೇಂದ್ರ ಆಮೇಲೆ ಮಾತನಾಡಿಸಿದಾಗ, ಮುಕ್ಕಾಲುಪಾಲು ಜನ ಈ ಅಭಿಯಾನದ ಸುದ್ದಿ ಕೇಳಿದ ದಿನವೇ ಕೊಟ್ಟವರೆಂದೂ, ನೂರಕ್ಕೆ 43 ಜನ ಇತರರಿಗೂ ಕೊಡಲು ಹೇಳಿದವರೆಂದೂ ತಿಳಿಯಿತು. ನಮ್ಮಲ್ಲಿ 2016ರಲ್ಲಿ ಯುಪಿಐ ಬಂದ ಮೇಲೆ ಬಿಲ್ಲಿನ ಮಧ್ಯಸ್ಥಿಕೆಯೂ ಬೇಡವಾಯಿತು, ಹಣ ನೇರವಾಗಿ ಖಾತೆಯಿಂದ ಖಾತೆಗೆ ಹೋಗುತ್ತದೆ.

ಆದರೆ ಅವಸರದಲ್ಲಿ ಕೊಡುವ ಕೈಗೆ ಕಳ್ಳನೂ ಬೇಗ ಸಿಗುತ್ತಾನೆ. 2020ರ ಮಾರ್ಚ್‌ನಲ್ಲಿ ಪಿಎಂ ಕೇರ್ಸ್ ನಿಧಿಯ ಯುಪಿಐ ವಿಳಾಸದಿಂದ ಕೊನೆಯ ‘ಎಸ್’ ಅಕ್ಷರವೊಂದನ್ನು ತೆಗೆದು ಯಾರೋ ನಕಲಿ ವಿಳಾಸ ಸೃಷ್ಟಿಸಿದ್ದರು. ಅದನ್ನು ಪತ್ತೆ ಮಾಡಿ ತಡೆಹಿಡಿಯಬೇಕಾಯಿತು. ಯುಪಿಐ ವಿಳಾಸವೆಂಬುದು ಬ್ಯಾಂಕ್ ಖಾತೆಯ ಮೇಲೆ ಅಂಟಿಸಿದ ಚೀಟಿಯಷ್ಟೆ. ಹಣ ಕಳಿಸುವ ಮುನ್ನ ಪರದೆಯ ಮೇಲೆ ಬರುವ, ಬ್ಯಾಂಕಿನಲ್ಲಿ ನೋಂದಾಯಿತವಾದ ಹೆಸರನ್ನು ಓದಬೇಕು; ಮೋಸವಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮುಖ ನೋಡಿ ಬಲ್ಲವರ ಗುಂಪುಗಳಿಗೆ ಇರುವ ಅನುಕೂಲ ಇಲ್ಲಿಯೇ: ಖಜಾಂಚಿಯ ಮನೆ ಯಾವ ಬಡಾವಣೆಯಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಇದೇ ಗುಂಪುಗಳಲ್ಲಿ, ವಿಕೋಪವನ್ನು ಯಾರೋ ಮೊದಲೇ ನುಡಿದಿದ್ದರೆಂದೂ ಅದು ಜನರ ಪಾಪದ ಫಲವೆಂದೂ ಸಾರುವ ಸಂದೇಶಗಳೂ ಓಡಾಡುತ್ತವೆ. ಅವು ಸುಳ್ಳು ಎಂಬುದಷ್ಟೇ ನನ್ನ ತಕರಾರಲ್ಲ; ಗಮನ ಇನ್ನೂ ಉಳಿದಿರುವ ಅಮೂಲ್ಯವಾದ ಮೊದಲ ಗಂಟೆಗಳಲ್ಲಿ ಅವು ಪಟ್ಟಿಯನ್ನು ಮೇಲಕ್ಕೆ ತಳ್ಳಿ ಕಣ್ಮರೆ ಮಾಡುತ್ತವೆ.

ಹಣ ಕೇಳುವ ಸಂದೇಶದಲ್ಲಿ ಏನಿರಬೇಕು ಎಂಬ ಪ್ರಶ್ನೆಗೆ ಬಂದರೆ, ಅಂಕಿಅಂಶಗಳನ್ನು ಪ್ರೀತಿಸುವ ನನ್ನಂಥವರಿಗೆ ಅಷ್ಟೇನೂ ಹಿತವಲ್ಲದ ಪ್ರಯೋಗವೊಂದಿದೆ. ಡೆಬೊರಾ ಸ್ಮಾಲ್, ಜಾರ್ಜ್ ಲೊವೆನ್‌ಸ್ಟೈನ್ ಮತ್ತು ಪಾಲ್ ಸ್ಲೊವಿಕ್ 2007ರಲ್ಲಿ ಪ್ರಕಟಿಸಿದ ಈ ಪ್ರಯೋಗದಲ್ಲಿ, ಕೈಯಲ್ಲಿ ಐದು ಡಾಲರ್ ಇದ್ದವರಿಗೆ ಆಫ್ರಿಕದ ಹಸಿವಿನ ಬಗ್ಗೆ ಓದಲು ಕೊಡಲಾಯಿತು. ಲಕ್ಷಾಂತರ ಜನರ ಲೆಕ್ಕವನ್ನಷ್ಟೇ ಓದಿದವರು ಸರಾಸರಿ 1.14 ಡಾಲರ್ ಕೊಟ್ಟರು. ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಹುಡುಗಿಯ ಕಥೆಯನ್ನು ಓದಿದವರು 2.38 ಡಾಲರ್ ಕೊಟ್ಟರು. ಹುಡುಗಿಯ ಕಥೆಯೊಂದಿಗೆ ಲೆಕ್ಕವನ್ನೂ ಓದಿದವರು ಕೊಟ್ಟದ್ದು 1.43 ಮಾತ್ರ. ಅಂಕಿಗಳು ಮುಖಕ್ಕೆ ಬಲ ಕೊಡುವ ಬದಲು ಅದನ್ನು ಮಸುಕಾಗಿಸಿದವು.

ಮುಖ, ಮೊದಲ ದಿನ, ಕಣ್ಣಿಗೆ ಕಾಣುವ ಪಟ್ಟಿ ಈ ಮೂರೂ ಸೇರಿದರೆ ಹಣ ಬರುತ್ತದೆ ಎಂದಾದರೆ, ಮೊದಲ ದಿನವೇ ಇಲ್ಲದ ವಿಕೋಪದ ಗತಿಯೇನು? ಚಿತ್ರದುರ್ಗದವರು ಕೇಳಬೇಕಾದ ಪ್ರಶ್ನೆ ಇದು, ಏಕೆಂದರೆ ನಮ್ಮ ವಿಕೋಪ ಬರ. ಥಾಮಸ್ ಐಸೆನ್ಸೀ ಮತ್ತು ಡೇವಿಡ್ ಸ್ಟ್ರೋಮ್‌ಬರ್ಗ್ 1968ರಿಂದ 2002ರವರೆಗಿನ ಸುಮಾರು ಐದು ಸಾವಿರ ವಿಕೋಪಗಳನ್ನು ಪರಿಶೀಲಿಸಿ, ಜ್ವಾಲಾಮುಖಿಯಿಂದ ಒಬ್ಬರು ಸತ್ತರೆ ಅಮೆರಿಕದ ಟಿ.ವಿ.ಯಲ್ಲಿ ಸುದ್ದಿಯಾಗುವ ಸಂಭವ ಎಷ್ಟಿದೆಯೋ, ಅಷ್ಟೇ ಸಂಭವ ಉಂಟಾಗಲು ಆಹಾರದ ಅಭಾವದಿಂದ ಸುಮಾರು 40 ಸಾವಿರ ಜನ ಸಾಯಬೇಕು ಎಂದು ಲೆಕ್ಕ ಹಾಕಿದರು. ಸುದ್ದಿಯಾದ ವಿಕೋಪಗಳಿಗೆ ಸರ್ಕಾರದ ನೆರವೂ ಹೆಚ್ಚು ದೊರೆಯುತ್ತಿತ್ತು.

ಇದಕ್ಕೆ ನಮ್ಮ ನೆಲದಲ್ಲೇ ಹಳೆಯ ಸಾಕ್ಷಿಯಿದೆ. ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಮಳೆ ಕೈಕೊಟ್ಟದ್ದು 1876ರಲ್ಲಿ. ಇಂಗ್ಲೆಂಡಿನಿಂದ ಭಾರತಕ್ಕೆ ಸಮುದ್ರದಡಿಯ ತಂತಿ 1870ರಲ್ಲೇ ಬಂದಿತ್ತು, ಸುದ್ದಿ ಮುಟ್ಟಲು ಅಡ್ಡಿಯಿರಲಿಲ್ಲ. ಆದರೂ ಮದ್ರಾಸಿನ ಸಾರ್ವಜನಿಕ ಸಭೆಯಿಂದ ಲಂಡನ್ನಿನ ಲಾರ್ಡ್ ಮೇಯರ್‌ಗೆ ನೆರವಿನ ಮನವಿಯ ತಂತಿ ಹೋದದ್ದು 1877ರ ಆಗಸ್ಟ್‌ನಲ್ಲಿ, ಆಮೇಲಷ್ಟೇ ಅಲ್ಲಿ ಮ್ಯಾನ್ಶನ್ ಹೌಸ್ ನಿಧಿ ಆರಂಭವಾದದ್ದು. 1871ರ ಗಣತಿಯಲ್ಲಿ 50 ಲಕ್ಷ 55 ಸಾವಿರ ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಭೂಕಂಪವಾಗಿದ್ದರೆ ತಂತಿ ಅದೇ ವಾರ ಹೋಗುತ್ತಿತ್ತು.

ಈಗಲೂ ಪರಿಸ್ಥಿತಿ ಅಷ್ಟೇನೂ ಬೇರೆಯಾಗಿಲ್ಲ. 1933ರ ನಂತರ ಮೊದಲ ಬಾರಿಗೆ, 2022ರ ಸೆಪ್ಟೆಂಬರ್‌ನಲ್ಲಿ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದಾಗ ಆ ದೃಶ್ಯ ನಾಡಿನ ಎಲ್ಲ ಫೋನುಗಳಿಗೂ ತಲುಪಿತು. ಮರುವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದಾಗ, ನಾನಿರುವ ಯಾವ ಗುಂಪಿನಲ್ಲೂ ‘1’ ಎಂದು ಆರಂಭವಾಗುವ ಪಟ್ಟಿ ಬರಲಿಲ್ಲ. ವಯನಾಡಿಗೆ ಕೊಟ್ಟ ಜನರೇ ಈ ಗುಂಪುಗಳಲ್ಲಿದ್ದರು.

ಬರಕ್ಕೆ ಮೊದಲ ದಿನ ಇಲ್ಲದಿದ್ದರೆ ಅದನ್ನು ಗುಂಪೇ ಗೊತ್ತುಮಾಡಬಹುದು, ಮುಖವನ್ನೂ ಕೊಡಬಹುದು. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮ್ಯಾಸಬೇಡ ಸಮುದಾಯದವರು ದೇವರ ಹೆಸರಿನಲ್ಲಿ ಸಾಕುವ ಎತ್ತುಗಳು ಮತ್ತು ಅವನ್ನು ಕಾಯುವ ಕಿಲಾರಿಗಳು ಬರಗಾಲದಲ್ಲಿ ಮೇವಿಗಾಗಿ ಪಡುವ ಪಾಡು ಈ ಭಾಗದವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ‘ಬರ ಪರಿಹಾರಕ್ಕೆ ನೆರವಾಗಿ’ ಎಂಬ ಕರೆಗಿಂತ ದೇವರ ಎತ್ತುಗಳನ್ನು ಕೂಡುವ ಒಂದು ಗೂಡಿನ ಒಂದು ಎತ್ತಿನ ಒಂದು ತಿಂಗಳ ಮೇವು ಎಂಬ ಕರೆ ಪಟ್ಟಿಯನ್ನು ಬೇಗ ಬೆಳೆಸುತ್ತದೆ. ದನಕ್ಕೆ ದಿನಕ್ಕೆ ಅದರ ತೂಕದ ಶೇ 2ರಿಂದ 2.5ರಷ್ಟು ಒಣ ಮೇವು ಬೇಕು, 300 ಕೆ.ಜಿ. ತೂಗುವ ಎತ್ತಿಗೆ ಆರರಿಂದ ಏಳೂವರೆ ಕೆ.ಜಿ., ತಿಂಗಳಿಗೆ ಸರಿಸುಮಾರು ಇನ್ನೂರು ಕೆ.ಜಿ. ಇದನ್ನು ಆ ವಾರದ ಮೇವಿನ ದರದಿಂದ ಗುಣಿಸಿ, ಮೊದಲ ಹೆಸರು ಬರೆಯಲು ಒಪ್ಪುವ ಇಬ್ಬರನ್ನು ಮೊದಲೇ ಮಾತನಾಡಿಸಿಟ್ಟುಕೊಂಡು, ಮುಂಗಾರು ಕೈಕೊಟ್ಟದ್ದು ಖಚಿತವಾಗುವ ಆಗಸ್ಟ್‌ನಲ್ಲೇ ಪಟ್ಟಿ ಆರಂಭಿಸಬೇಕು. ಬೇಸಿಗೆ ಬಂದು ಮೇವಿನ ದರ ಏರಿದ ಮೇಲೆ ಅಷ್ಟೇ ಹಣಕ್ಕೆ ಬರುವ ಹೊರೆಗಳು ಕಡಿಮೆ.