ಎರಡು ಗಂಟೆ ಹಾರಾಟಕ್ಕೆ ನಾಲ್ಕು ಗಂಟೆಯ ಬಿಲ್ ಯಾಕೆ?

ಪ್ರಶ್ನೆ: ನಾವು ಐದು ಜನ ಬೆಳಿಗ್ಗೆ ಹೊರಟು, ಇನ್ನೊಂದು ಊರಿನಲ್ಲಿ ಮೀಟಿಂಗ್ ಮುಗಿಸಿ, ಸಂಜೆ ವಾಪಸ್ ಬರಬೇಕು. ಚಾರ್ಟರ್ ವಿಮಾನಕ್ಕೆ ಕೊಟೇಶನ್ ತರಿಸಿದೆವು. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ಸಾಕು. ಆದರೆ ಹಾಳೆಯಲ್ಲಿ ಮೂರು ಗಂಟೆ ಐವತ್ತು ನಿಮಿಷ ಎಂದಿದೆ. ಬ್ರೋಕರ್ ಅವರನ್ನು ಕೇಳಿದರೆ ‘ಎಲ್ಲ ಕಡೆ ಹೀಗೇ’ ಅನ್ನುತ್ತಾರೆ. ನಮಗೆ ಮೋಸ ಆಗುತ್ತಿದೆಯೇ?

ಉತ್ತರ: ಮೋಸ ಅಲ್ಲ. ಆದರೆ ‘ಎಲ್ಲ ಕಡೆ ಹೀಗೇ’ ಅನ್ನುವುದು ಉತ್ತರವೂ ಅಲ್ಲ. ಆ ಮೂರು ಗಂಟೆ ಐವತ್ತು ನಿಮಿಷವನ್ನು ಅವರು ಬಿಡಿಸಿ ಹೇಳಬೇಕಿತ್ತು. ಹೇಳದೇ ಹೋದದ್ದರಿಂದ ನಿಮಗೆ ಅನುಮಾನ ಹುಟ್ಟಿದೆ.

ಮಾಮೂಲಿ ಟಿಕೆಟ್ ತೆಗೆದುಕೊಂಡಾಗ ನಮಗೆ ಸಿಗುವುದು ಒಂದು ಸೀಟು. ಆ ವಿಮಾನ ಎಲ್ಲಿಂದ ಬಂತು, ನಮ್ಮನ್ನು ಇಳಿಸಿ ಎಲ್ಲಿಗೆ ಹೋಗುತ್ತದೆ ಅನ್ನುವ ತಲೆನೋವು ಕಂಪನಿಯದು. ಚಾರ್ಟರ್‌ನಲ್ಲಿ ಆ ತಲೆನೋವಿನ ಸಮೇತ ಇಡೀ ವಿಮಾನ ನಮ್ಮ ಪಾಲಿಗೆ ಬರುತ್ತದೆ. ನೀವು ಬಾಡಿಗೆಗೆ ಹಿಡಿಯುತ್ತಿರುವುದು ಒಂದು ವಿಮಾನ ಮತ್ತು ಇಬ್ಬರು ಪೈಲಟ್‌ಗಳ ಇಡೀ ದಿನವನ್ನು. ದೂರದ ಊರಿಗೆ ಕಾರು ಬಾಡಿಗೆಗೆ ಹಿಡಿದವರಿಗೆ ಇದು ಗೊತ್ತಿರುವ ಲೆಕ್ಕವೇ. ನಾವು ಇಳಿದ ಮೇಲೆ ಕಾರು ಖಾಲಿ ಹೋಗುವ ದಾರಿಯ ಖರ್ಚೂ ನಮ್ಮ ತಲೆಗೇ ಬರುತ್ತದೆ.

ನೀವು ಕಳಿಸಿದ ಹಾಳೆಯನ್ನೇ ಮುಂದಿಟ್ಟುಕೊಂಡು ನೋಡೋಣ. ವಿಮಾನದ ಬೇಸ್, ಅಂದರೆ ಅದು ಕಾಯಂ ಆಗಿ ನಿಲ್ಲುವ ಜಾಗ, ನಿಮ್ಮ ಊರಿನಲ್ಲಿಲ್ಲ. ಅದು ಬೇರೆ ಕಡೆಯಿಂದ ಖಾಲಿ ಬರಬೇಕು, ಅದಕ್ಕೆ 45 ನಿಮಿಷ. ಇದನ್ನು ಪೊಸಿಶನಿಂಗ್ ಅನ್ನುತ್ತಾರೆ, ಕೆಲವರು ಫೆರಿ ಅನ್ನುತ್ತಾರೆ. ಆಮೇಲೆ ನಿಮ್ಮ ಪ್ರಯಾಣ. ಗಾಳಿಯಲ್ಲಿ ಇರುವುದು ಒಂದು ಗಂಟೆ ನಿಜ, ಆದರೆ ಲೆಕ್ಕ ಹಾಕುವುದು ಬ್ಲಾಕ್ ಟೈಮಿನಲ್ಲಿ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಇನ್ನೊಂದು ಊರಿನಲ್ಲಿ ಬಂದು ನಿಲ್ಲುವವರೆಗಿನ ಸಮಯ ಅದು. ನೆಲದ ಮೇಲೆ ಉರುಳುವ ಹೊತ್ತು, ರನ್‌ವೇ ತುದಿಯಲ್ಲಿ ಸರದಿ ಕಾಯುವ ಹೊತ್ತು, ಎಲ್ಲ ಅದರೊಳಗೇ. ಹಾಗಾಗಿ ಒಂದು ಗಂಟೆಯ ಹಾರಾಟ 1 ಗಂಟೆ 10 ನಿಮಿಷ ಆಗಿದೆ. ಸಂಜೆ ಬರುವಾಗಲೂ ಅಷ್ಟೇ. ನಿಮ್ಮನ್ನು ಇಳಿಸಿ ವಿಮಾನ ತನ್ನ ಬೇಸಿಗೆ ಖಾಲಿ ಹೋಗಲು ಮತ್ತೆ 45 ನಿಮಿಷ. ಕೂಡಿ ನೋಡಿ, 3 ಗಂಟೆ 50 ನಿಮಿಷ ಸರಿಯಾಗಿ ಬರುತ್ತದೆ.

‘ಬೆಳಿಗ್ಗೆ ಇಳಿಸಿದ ಮೇಲೆ ವಿಮಾನ ಸುಮ್ಮನೆ ಯಾಕೆ ಕಾಯಬೇಕು, ಕಳಿಸಿಬಿಟ್ಟು ಸಂಜೆ ಇನ್ನೊಂದನ್ನು ಕರೆಸಿದರೆ ಉಳಿಯುತ್ತದಲ್ಲವೇ’ ಎಂದು ಬಹಳ ಜನ ಕೇಳುತ್ತಾರೆ. ಉಳಿಯುವುದಿಲ್ಲ. ನೀವು ಹೋಗುವ ಊರಿನಿಂದ ಬೇಸಿಗೆ 1 ಗಂಟೆ 15 ನಿಮಿಷ ಎಂದಿಟ್ಟುಕೊಳ್ಳಿ. ಆಗ ಬೆಳಗಿನ ಒಂದು ಸುತ್ತಿಗೇ 3 ಗಂಟೆ 10 ನಿಮಿಷ. ಸಂಜೆಯದೂ ಅಷ್ಟೇ. ಒಟ್ಟು 6 ಗಂಟೆ 20 ನಿಮಿಷ. ಅಂದೇ ಹೋಗಿ ಅಂದೇ ಬರುವವರು ವಿಮಾನವನ್ನು ಕಾಯಿಸಿಕೊಳ್ಳುವುದೇ ಮೇಲು.

ರಾತ್ರಿ ಉಳಿಯಬೇಕಾದರೆ ಲೆಕ್ಕ ತಿರುಗುತ್ತದೆ. ಬಹಳಷ್ಟು ಆಪರೇಟರ್‌ಗಳು, ಅಂದರೆ ವಿಮಾನ ಹಾರಿಸುವ ಕಂಪನಿಗಳು, ದಿನಕ್ಕೆ ಇಷ್ಟು ಗಂಟೆಯಾದರೂ ಹಾರಲೇಬೇಕು, ಇಲ್ಲದಿದ್ದರೂ ಅಷ್ಟರ ಹಣ ಕೊಡಬೇಕು ಎಂದು ಕನಿಷ್ಠ ಮಿತಿ ಇಟ್ಟಿರುತ್ತಾರೆ. ಅದು ಎರಡು ಗಂಟೆ ಇದ್ದರೆ, ಎರಡು ರಾತ್ರಿಯ ಮೂರು ದಿನಕ್ಕೆ ಆರು ಗಂಟೆ. ಮೇಲೆ ಪೈಲಟ್‌ಗಳ ಹೋಟೆಲ್, ವಿಮಾನದ ಪಾರ್ಕಿಂಗ್. ಇಲ್ಲಿಗೆ ಕಾಯಿಸುವುದು, ಕಳಿಸಿ ಮತ್ತೆ ಕರೆಸುವುದು, ಎರಡೂ ದಾರಿ ಹೆಚ್ಚುಕಡಿಮೆ ಸಮ. ಮೂರನೇ ರಾತ್ರಿಯೂ ಉಳಿಯುತ್ತೀರಿ ಎಂದಾದರೆ ವಿಮಾನವನ್ನು ಕಳಿಸಿಬಿಡಿ.

ಹಾಳೆಯಲ್ಲಿ ಕಾಣದ ಇನ್ನೊಂದು ಗಡಿಯಾರ ಇದೆ. ಅದು ಪೈಲಟ್‌ಗಳ ಡ್ಯೂಟಿಯದು. ಅಮೆರಿಕದಲ್ಲಿ ಸಾಮಾನ್ಯ ಚಾರ್ಟರ್‌ಗೆ ಅನ್ವಯಿಸುವ ನಿಯಮದ ಪ್ರಕಾರ ಡ್ಯೂಟಿ ದಿನ 14 ಗಂಟೆ, ಅದರಲ್ಲಿ ಇಬ್ಬರು ಪೈಲಟ್ ಇದ್ದರೆ ಹಾರಾಟ 10 ಗಂಟೆ, ಆಮೇಲೆ 10 ಗಂಟೆ ವಿಶ್ರಾಂತಿ. ಬೇರೆ ದೇಶಗಳಲ್ಲಿ ಮಿತಿ ಇದಕ್ಕಿಂತ ಬಿಗಿ ಇರುವುದೂ ಉಂಟು. ಈ ದಿನ ಶುರುವಾಗುವುದು ನೀವು ವಿಮಾನ ಹತ್ತಿದಾಗ ಅಲ್ಲ, ಅವರು ತಮ್ಮ ಬೇಸಿನಲ್ಲಿ ಕೆಲಸಕ್ಕೆ ಹಾಜರಾದಾಗ. ನೀವು ಏಳೂಕಾಲಿಗೆ ಹೊರಡಬೇಕೆಂದರೆ ಅವರು ಐದಕ್ಕೇ ಬಂದಿರುತ್ತಾರೆ.

ಕೆಲವು ವರ್ಷ ನಾನು ಒಂದು ಸಂಸ್ಥೆಯ ಪ್ರಯಾಣದ ಏರ್ಪಾಡು ನೋಡಿಕೊಳ್ಳುತ್ತಿದ್ದೆ. ಒಮ್ಮೆ ಇಂಥದ್ದೇ ಪ್ರಯಾಣ. ಸಂಜೆ ಐದಕ್ಕೆ ಹೊರಡಬೇಕಿತ್ತು, ಮೀಟಿಂಗ್ ಎಳೆಯಿತು. 5.40ಕ್ಕೆ ಕ್ಯಾಪ್ಟನ್ ಲೌಂಜಿಗೆ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ಜೇಬಿನಿಂದ ಸಣ್ಣ ಪುಸ್ತಕ ತೆಗೆದು, ಬೆಳಿಗ್ಗೆ ಹಾಜರಾದ ಸಮಯದ ಮೇಲೆ ಬೆರಳಿಟ್ಟು, ‘ಮೇಡಂ, ಇನ್ನು ಹತ್ತು ನಿಮಿಷ. ಅದು ದಾಟಿದರೆ ಇವತ್ತು ನಾನು ಅವರನ್ನು ಕರೆದುಕೊಂಡು ಹೋಗುವ ಹಾಗಿಲ್ಲ’ ಅಂದರು. ನಮ್ಮವರು ಬಂದದ್ದು ಆರೂ ಇಪ್ಪತ್ತಕ್ಕೆ. ದೊಡ್ಡವರೊಬ್ಬರು ಕೂಗಾಡಿದರು, ಹೆಚ್ಚು ಹಣ ಕೊಡುತ್ತೇವೆ ಅಂದರು. ಕ್ಯಾಪ್ಟನ್ ದನಿ ಏರಿಸಲಿಲ್ಲ, ಜಗ್ಗಲೂ ಇಲ್ಲ. ಎಲ್ಲರೂ ರಾತ್ರಿ ಅಲ್ಲೇ ಉಳಿದರು. ಅವತ್ತಿನಿಂದ ನಾನು ಹೊಸ ಕ್ಯಾಪ್ಟನ್ ಸಿಕ್ಕಾಗಲೆಲ್ಲ ಮೊದಲು ಕೇಳುವುದು ಇದನ್ನೇ: ‘ಸಂಜೆ ಎಷ್ಟು ಹೊತ್ತಿನ ಒಳಗೆ ಹೊರಡಬೇಕು?’ ನೀವೂ ಕೇಳಿ, ಉತ್ತರವನ್ನು ಮೀಟಿಂಗಿಗೆ ಹೋಗುವ ಐದೂ ಜನರ ಫೋನಿಗೆ ಕಳಿಸಿಬಿಡಿ. ಮೀಟಿಂಗ್ ಎಳೆಯಬಹುದು ಅನಿಸಿದರೆ ಬುಕಿಂಗ್ ಸಮಯದಲ್ಲೇ ಹೇಳಿ, ಎರಡನೇ ಜೋಡಿ ಪೈಲಟ್‌ಗಳನ್ನು ಏರ್ಪಾಡು ಮಾಡಲು ಸಾಧ್ಯವಿದೆ.

ಹಾಗಾದರೆ ಬಿಲ್ ಇಳಿಸುವ ದಾರಿಯೇ ಇಲ್ಲವೇ? ಇದೆ. ಮೊದಲನೆಯದು, ನಿಮ್ಮ ಊರಿನಲ್ಲೇ ಬೇಸ್ ಇರುವ ವಿಮಾನ ಹುಡುಕಿಸುವುದು. ಸಿಕ್ಕಿದರೆ ಖಾಲಿ ಹಾರುವ ಆ ಒಂದೂವರೆ ಗಂಟೆ ಬಿಲ್ಲಿನಿಂದ ಪೂರ್ತಿ ಹೋಗುತ್ತದೆ. ಗಂಟೆಯ ದರ ಸ್ವಲ್ಪ ಹೆಚ್ಚಿದ್ದರೂ ಒಟ್ಟು ಮೊತ್ತ ಕಡಿಮೆ ಆಗಬಹುದು, ಆದ್ದರಿಂದ ಗಂಟೆಯ ದರ ಹೋಲಿಸಬೇಡಿ, ಒಟ್ಟು ಮೊತ್ತ ಹೋಲಿಸಿ. ಎರಡನೆಯದು, ಇಷ್ಟು ಹತ್ತಿರಕ್ಕೆ ಜೆಟ್ ಬೇಕೇ ಎಂದು ಯೋಚಿಸುವುದು. ಪಿಲಾಟಸ್ ಪಿಸಿ-12, ಕಿಂಗ್ ಏರ್‌ನಂಥ ಟರ್ಬೊಪ್ರಾಪ್ ವಿಮಾನಗಳು, ಅಂದರೆ ಪ್ರೊಪೆಲರ್ ಇರುವವು, ಗಂಟೆಗೆ ಸುಮಾರು 500 ಕಿ.ಮೀ. ಹೋಗುತ್ತವೆ, ಫಿನಾಮ್ 300ರಂಥ ಲೈಟ್ ಜೆಟ್ 800 ಕಿ.ಮೀ. ದಾಟುತ್ತದೆ. ಹತ್ತಿರದ ಊರಾದರೆ ವ್ಯತ್ಯಾಸ ಇಪ್ಪತ್ತು ನಿಮಿಷದ ಆಸುಪಾಸು. ಇಂಧನದ ಖರ್ಚಿನಲ್ಲಿ ಮಾತ್ರ ವ್ಯತ್ಯಾಸ ದೊಡ್ಡದು. ಪಿಸಿ-12ಕ್ಕೆ ಒಂದೇ ಎಂಜಿನ್. ಕೆಲವರಿಗೆ ಮನಸ್ಸು ಒಪ್ಪುವುದಿಲ್ಲ, ಕೆಲವು ಸಂಸ್ಥೆಗಳ ನಿಯಮವೂ ಒಪ್ಪುವುದಿಲ್ಲ. ಅಂಥವರು ಎರಡು ಎಂಜಿನ್ನಿನ ಕಿಂಗ್ ಏರ್ ಕೇಳಬಹುದು.

ಟರ್ಬೊಪ್ರಾಪ್‌ಗೆ ಇನ್ನೊಂದು ಅನುಕೂಲವಿದೆ. ಚಾರ್ಟರ್ ಹಾರಾಟದಲ್ಲಿ ಜೆಟ್ ವಿಮಾನ ರನ್‌ವೇ ಉದ್ದದ ಶೇ 60ರೊಳಗೆ ಇಳಿದು ನಿಲ್ಲುವಂತಿರಬೇಕು ಎಂಬ ನಿಯಮ ಅಮೆರಿಕದಲ್ಲೂ ಯುರೋಪಿನಲ್ಲೂ ಮೂಲ ಅಳತೆ. ಅಂದರೆ 900 ಮೀಟರಿನಲ್ಲಿ ನಿಲ್ಲುವ ಜೆಟ್‌ಗೆ 1,500 ಮೀಟರ್ ರನ್‌ವೇ ಬೇಕು. ನಿಮ್ಮ ಕಾರ್ಖಾನೆ ಪಕ್ಕದ ಸಣ್ಣ ರನ್‌ವೇಗೆ ಯಾರೋ ಸ್ವಂತ ಜೆಟ್‌ನಲ್ಲಿ ಬಂದಿಳಿದದ್ದನ್ನು ನೋಡಿದ್ದೀರಿ ಎಂದ ಮಾತ್ರಕ್ಕೆ ಚಾರ್ಟರ್ ಜೆಟ್ ಅಲ್ಲಿಗೆ ಬರಲೇಬೇಕು ಅಂತಿಲ್ಲ. ಟರ್ಬೊಪ್ರಾಪ್ ಬರಬಹುದು. ಆಗ ದೊಡ್ಡ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಹೋಗುವ ಒಂದು ಗಂಟೆ ಉಳಿಯುತ್ತದೆ, ಜೆಟ್‌ನ ವೇಗದಿಂದ ಉಳಿಯುವುದಕ್ಕಿಂತ ಹೆಚ್ಚು.

ಎಂಪ್ಟಿ ಲೆಗ್ ಬಗ್ಗೆಯೂ ಕೇಳಿರುತ್ತೀರಿ. ಹೇಗೂ ಖಾಲಿ ಹೋಗುವ ವಿಮಾನವನ್ನು ಕಡಿಮೆ ದರಕ್ಕೆ ಕೊಡುತ್ತಾರೆ. ಮೂಲ ಗಿರಾಕಿ ತನ್ನ ದಿನ ಬದಲಿಸಿದರೆ ಆ ಹಾರಾಟವೇ ಇರುವುದಿಲ್ಲ. ಕೆಲಸದ ಮೀಟಿಂಗನ್ನು ಅದಕ್ಕೆ ಕಟ್ಟಿಹಾಕಬೇಡಿ.

ಸೀಟಿನ ವಿಚಾರ ಚುಟುಕಾಗಿ ಹೇಳುತ್ತೇನೆ. ಎಂಟು ಸೀಟು ಎಂದು ಬರೆದಿರುವ ಲೈಟ್ ಜೆಟ್‌ನಲ್ಲಿ ಕೆಲವೊಮ್ಮೆ ಎಂಟನೆಯದು ಶೌಚಾಲಯದ ಮುಚ್ಚಳದ ಮೇಲೆ ಬೆಲ್ಟ್ ಹಾಕಿದ ಸೀಟು. ಪ್ರಯಾಣಿಕರ ತೂಕ, ಸಾಮಾನಿನ ತೂಕ ಕೇಳಿದಾಗ ಸಂಕೋಚವಿಲ್ಲದೆ ನಿಜ ಹೇಳಿ. ಎಷ್ಟು ಇಂಧನ ತುಂಬಿಸಬಹುದು ಅನ್ನುವುದು ಅದರ ಮೇಲೆ ನಿಂತಿದೆ.

ಈಗ ನನ್ನನ್ನು ನಿಜವಾಗಿ ಚಿಂತೆಗೀಡು ಮಾಡುವ ಮಾತಿಗೆ ಬರುತ್ತೇನೆ. ನಿಮ್ಮ ಪತ್ರದ ಕೊನೆಯಲ್ಲಿ, ಪರಿಚಯದವರೊಬ್ಬರು ಇದರ ಅರ್ಧ ಖರ್ಚಿಗೆ ವಿಮಾನ ಕೊಡಿಸುತ್ತೇನೆ ಅಂದಿದ್ದಾರೆ ಎಂದು ಬರೆದಿದ್ದೀರಿ. ಡ್ಯೂಟಿ ಮಿತಿ, ಶೇ 60ರ ಅಳತೆ, ಪೈಲಟ್‌ಗಳ ನಿಯಮಿತ ಪರೀಕ್ಷೆ, ಇವೆಲ್ಲ ಬಾಡಿಗೆ ಪ್ರಯಾಣಿಕರನ್ನು ಒಯ್ಯಲು ಪ್ರಮಾಣಪತ್ರ ಪಡೆದ ಆಪರೇಟರ್‌ಗೆ ಅಂಟಿಕೊಂಡ ಹೊಣೆಗಳು. ಸ್ವಂತ ಬಳಕೆಯ ವಿಮಾನವನ್ನು ಕದ್ದುಮುಚ್ಚಿ ಬಾಡಿಗೆಗೆ ಬಿಡುವವರು ಈ ಹೊಣೆಗಳನ್ನು ಬಿಟ್ಟೇ ಅಗ್ಗ ಮಾಡಿರುತ್ತಾರೆ.

2019ರ ಜನವರಿ 21ರ ರಾತ್ರಿ ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಫ್ರಾನ್ಸಿನ ನಾಂಟ್‌ನಿಂದ ತಮ್ಮ ಹೊಸ ಕ್ಲಬ್ ಇರುವ ಕಾರ್ಡಿಫ್‌ಗೆ ಒಂದೇ ಎಂಜಿನ್ನಿನ ಪೈಪರ್ ಮಲಿಬು ವಿಮಾನದಲ್ಲಿ ಹೊರಟರು. ವಿಮಾನ ಇಂಗ್ಲಿಷ್ ಕಾಲುವೆಗೆ ಬಿತ್ತು. ಬ್ರಿಟನ್ನಿನ ತನಿಖಾ ಸಂಸ್ಥೆಯ ವರದಿಯ ಪ್ರಕಾರ ಪೈಲಟ್‌ಗೆ ಬಾಡಿಗೆ ಪ್ರಯಾಣಿಕರನ್ನು ಒಯ್ಯುವ ಪರವಾನಗಿಯೂ ಇರಲಿಲ್ಲ, ರಾತ್ರಿ ಹಾರಾಟದ ಅರ್ಹತೆಯೂ ಇರಲಿಲ್ಲ. ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬಹುಶಃ ಪೈಲಟ್ ಮೇಲೆ ಪರಿಣಾಮ ಬೀರಿತ್ತು ಎಂದೂ ಅದು ಹೇಳಿತು. ಹಾರಾಟ ಏರ್ಪಡಿಸಿದ ವ್ಯಕ್ತಿಗೆ 2021ರಲ್ಲಿ 18 ತಿಂಗಳ ಜೈಲು ಶಿಕ್ಷೆಯಾಯಿತು. ಸಾಲಾ ಅವರಿಗೆ ಆಗ 28 ವರ್ಷ. ಯಾರೋ ಏರ್ಪಾಡು ಮಾಡಿದ ವಿಮಾನಕ್ಕೆ ನಂಬಿ ಹತ್ತಿದರು, ನಾಳೆ ನಿಮ್ಮ ಸಹೋದ್ಯೋಗಿಗಳು ಹತ್ತುವ ಹಾಗೆಯೇ.

ಬ್ರೋಕರ್ ವಿಮಾನ ಹಾರಿಸುವುದಿಲ್ಲ, ಅವರು ನಡುವಿನವರು. ಹಾರಿಸುವುದು ಆಪರೇಟರ್. ನೀವು ಕಳಿಸಿದ ಹಾಳೆಯಲ್ಲಿ ಬ್ರೋಕರ್ ಹೆಸರು ದೊಡ್ಡದಾಗಿದೆ, ವಿಮಾನದ ಫೋಟೊ ಇದೆ, ಆಪರೇಟರ್ ಹೆಸರು ಎಲ್ಲೂ ಇಲ್ಲ. ಸಹಿ ಹಾಕುವ ಮೊದಲು ಮೂರು ವಿವರ ಬರಹದಲ್ಲಿ ತರಿಸಿಕೊಳ್ಳಿ: ಆಪರೇಟರ್ ಹೆಸರು ಮತ್ತು ಅವರ ಪ್ರಮಾಣಪತ್ರದ ಪ್ರತಿ, ವಿಮಾನದ ನೋಂದಣಿ ಸಂಖ್ಯೆ, ಬಾಡಿಗೆ ಪ್ರಯಾಣಿಕರಿಗೆ ಅನ್ವಯಿಸುವ ವಿಮೆಯ ಪತ್ರ. ಆ ನೋಂದಣಿ ಸಂಖ್ಯೆಯ ವಿಮಾನ ಆ ಆಪರೇಟರ್ ಪ್ರಮಾಣಪತ್ರದಡಿ ಇದೆಯೇ ಎಂದು ನಿಮ್ಮ ದೇಶದ ವಿಮಾನಯಾನ ಇಲಾಖೆಯಲ್ಲಿ ವಿಚಾರಿಸಿ. ಪ್ರಯಾಣದ ದಿನ ವಿಮಾನದ ಬಾಲದ ಬಳಿ ಬರೆದ ಸಂಖ್ಯೆಯನ್ನು ಹತ್ತುವ ಮೊದಲು ನಿಮ್ಮ ಕೈಯಲ್ಲಿರುವ ಕಾಗದದೊಂದಿಗೆ ಒಮ್ಮೆ ಹೋಲಿಸಿ. ಬೇರೆ ಇದ್ದರೆ, ಯಾಕೆ ಬದಲಾಯಿತು ಎಂದು ಕೇಳಿ, ಹೊಸ ವಿಮಾನದ ಕಾಗದ ಕೈಗೆ ಬರುವವರೆಗೆ ಹತ್ತಬೇಡಿ.