ತೊಟ್ಟಿಯಲ್ಲಿ ಏನಿದೆ ಎಂದು ಕೇಳುವ ಹಕ್ಕು ನನಗಿದೆಯೇ?

ಪ್ರಶ್ನೆ: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಪ್ಲೇಟಿಂಗ್ (ಲೋಹದ ಮೇಲೆ ಲೇಪನ ಹಾಕುವ) ಕಾರ್ಖಾನೆಯೊಂದರಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಕೆಲಸ ಮಾಡುತ್ತೇನೆ. ತೊಟ್ಟಿಗಳ ಮೇಲೆ ನಂಬರು ಬಿಟ್ಟರೆ ಬೇರೇನೂ ಬರೆದಿಲ್ಲ. ಒಳಗೇನಿದೆ ಎಂದು ಕೇಳಿದರೆ ಸೂಪರ್‌ವೈಸರ್ ‘ಕೈ ಅದ್ದಬೇಡ, ಅಷ್ಟು ಸಾಕು’ ಅನ್ನುತ್ತಾರೆ. ಅವರು ಹೇಳಲೇಬೇಕು ಅಂತ ಕಾನೂನಿದೆಯೇ?

ಉತ್ತರ: ಇದೆ. ನೀವು ಕೇಳುವ ಮುಂಚೆಯೇ ಅವರು ಹೇಳಬೇಕಿತ್ತು.

1984ರ ಭೋಪಾಲ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಬಗ್ಗೆಯೇ ಒಂದು ಅಧ್ಯಾಯ ಸೇರಿತು. ಕೆಲಸದಲ್ಲಿರುವ ಅಪಾಯವೇನು, ಅದನ್ನು ತಡೆಯುವುದು ಹೇಗೆ ಎಂದು ಕಾರ್ಮಿಕರಿಗೆ ತಿಳಿಸುವುದು ಮಾಲೀಕರ ಹೊಣೆ ಎಂದು ಅದರ 41ಬಿ ಕಲಂ ಹೇಳಿತು. ಅಪಾಯಕಾರಿ ಎಂದು ಆ ಕಾಯ್ದೆ ಹೆಸರಿಸಿದ ಉದ್ಯಮಗಳ ಪಟ್ಟಿಯಲ್ಲೇ ಎಲೆಕ್ಟ್ರೋಪ್ಲೇಟಿಂಗ್ ಇದೆ. ಕಾಂಟ್ರ್ಯಾಕ್ಟರ್ ಮೂಲಕ ಬಂದವರೂ ಆ ಕಾಯ್ದೆಯ ಪ್ರಕಾರ ಕಾರ್ಮಿಕರೇ. ಹಳೆಯ ಕಾಯ್ದೆಯ ಬದಲಿಗೆ ತಂದ 2020ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯಲ್ಲೂ ಈ ಹೊಣೆ ಉಳಿದಿದೆ.

‘ಕೈ ಅದ್ದಬೇಡ’ ಅನ್ನುವುದು ಯಾಕೆ ಸಾಲದು ಅಂದರೆ, ಪ್ಲೇಟಿಂಗ್‌ನಲ್ಲಿ ದೊಡ್ಡ ಅಪಾಯಗಳು ಕೈಗೆ ತಗುಲದೆಯೇ ಬರುತ್ತವೆ. ತುಕ್ಕು ತೆಗೆಯುವ ತೊಟ್ಟಿಯಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಸತು, ತಾಮ್ರದ ಲೇಪನಕ್ಕೆ ಕೆಲವೆಡೆ ಸಯನೈಡ್ ದ್ರಾವಣ ಬಳಸುತ್ತಾರೆ. ಇವೆರಡೂ ಬೆರೆತರೆ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಪ್ರಾಣ ಹೋಗಲು ಕೆಲವೇ ನಿಮಿಷ ಸಾಕು. ಒಂದೇ ಮಗ್ಗಿನಲ್ಲಿ ಎರಡೂ ತೊಟ್ಟಿಯದನ್ನು ಮೊಗೆಯಬಾರದು ಎಂದು, ಒಳಗಿರುವುದರ ಹೆಸರೇ ಗೊತ್ತಿಲ್ಲದವರಿಗೆ ಹೇಗೆ ತಿಳಿಯಬೇಕು? ಕ್ರೋಮ್ ತೊಟ್ಟಿಯಿಂದ ಏಳುವ ಸಣ್ಣ ತುಂತುರು ಇನ್ನೊಂದು ಬಗೆ. ವರ್ಷಗಟ್ಟಲೆ ಉಸಿರಾಡಿದರೆ ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆ ತೂತಾಗಬಹುದು, ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಬಾಯಿಗೆ ಕರ್ಚೀಫು ಕಟ್ಟಿಕೊಂಡರೆ ಅದು ನಿಲ್ಲುವುದಿಲ್ಲ.

ಪ್ರತಿ ರಾಸಾಯನಿಕದ ಜೊತೆಗೂ ಮಾರುವವರು ಸೇಫ್ಟಿ ಡೇಟಾ ಶೀಟ್ ಕೊಡುತ್ತಾರೆ. ಅದರಲ್ಲಿ 16 ಭಾಗಗಳಿರುತ್ತವೆ. ನಿಮಗೆ ಮೊದಲು ಬೇಕಾದವು ನಾಲ್ಕು: ಎರಡನೆಯದರಲ್ಲಿ ಅಪಾಯವೇನು, ನಾಲ್ಕನೆಯದರಲ್ಲಿ ಪ್ರಥಮ ಚಿಕಿತ್ಸೆ, ಎಂಟನೆಯದರಲ್ಲಿ ಯಾವ ಗ್ಲೌಸು, ಯಾವ ಮಾಸ್ಕು, ಹತ್ತನೆಯದರಲ್ಲಿ ಯಾವುದರ ಜೊತೆ ಬೆರೆಸಬಾರದು. ಆಫೀಸಿನ ಬೀರುವಿನಲ್ಲಿ ಇಂಗ್ಲಿಷ್ ಶೀಟಿನ ಫೈಲು ಇಟ್ಟು ‘ತಿಳಿಸಿದ್ದೇವೆ’ ಅನ್ನುವ ಕಾರ್ಖಾನೆಗಳಿವೆ. ನನ್ನ ಪ್ರಕಾರ ಅದು ತಿಳಿಸಿದ ಹಾಗಲ್ಲ. ತೊಟ್ಟಿಯ ಪಕ್ಕದಲ್ಲಿ, ಕನ್ನಡದಲ್ಲಿ, ನಿಂತು ಓದುವಷ್ಟು ದಪ್ಪ ಅಕ್ಷರದಲ್ಲಿ ಬೋರ್ಡು ಇರಬೇಕು. ಬಿಹಾರ, ಒಡಿಶಾದ ಹುಡುಗರು ಇದ್ದರೆ ಹಿಂದಿಯಲ್ಲೂ ಇರಲಿ. ಅವರಿಗೆ ಕೇಳುವ ಧೈರ್ಯ ನಿಮಗಿಂತ ಕಡಿಮೆ.

ಡ್ರಮ್ಮಿನಿಂದ ನೀರಿನ ಬಾಟಲಿಗೆ ಆಸಿಡ್ ಬಗ್ಗಿಸಿಡುವ ಅಭ್ಯಾಸವಂತೂ ಇವತ್ತೇ ನಿಲ್ಲಬೇಕು. ಲೇಬಲ್ ಡ್ರಮ್ಮಿನಲ್ಲೇ ಉಳಿಯುತ್ತದೆ, ಬಾಯಾರಿದವರು ಬಾಟಲಿ ಎತ್ತುತ್ತಾರೆ.

ಇನ್ನು ಕೆಲಸ ಹೋಗುವ ಭಯ. ಒಬ್ಬರೇ ಹೋಗಿ ಕೇಳಬೇಡಿ, ಜೊತೆಯವರನ್ನು ಸೇರಿಸಿಕೊಂಡು ಬರೆದು ಕೊಡಿ. ಹಳೆಯ ಕಾಯ್ದೆಯ ಪ್ರಕಾರ ಇಂಥ ಕಾರ್ಖಾನೆಯಲ್ಲಿ ಸುರಕ್ಷತಾ ಸಮಿತಿ ಇರಬೇಕಿತ್ತು, ಅದರಲ್ಲಿ ಕಾರ್ಮಿಕರಿಗೂ ಆಡಳಿತಕ್ಕೂ ಸಮಪಾಲು. ವರ್ಷಕ್ಕೊಮ್ಮೆಯಾದರೂ ವೈದ್ಯಕೀಯ ತಪಾಸಣೆ ಮಾಡಿಸಬೇಕು, ಅದರ ದಾಖಲೆಯನ್ನು ನೀವು ಕೇಳಿ ನೋಡಬಹುದು. ಯಾವುದಕ್ಕೂ ಬಗ್ಗದಿದ್ದರೆ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಗೆ ದೂರು ಕೊಡಿ. ದೂರು ಕೊಟ್ಟವರು ಯಾರೆಂಬುದನ್ನು ಇನ್‌ಸ್ಪೆಕ್ಟರ್ ಗುಟ್ಟಾಗಿಡಬೇಕೆಂದು 1987ರ ತಿದ್ದುಪಡಿಯೇ ಹೇಳಿತ್ತು.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಸ್ಟೋರಿಗೆ ಬರುವ ಡ್ರಮ್ಮುಗಳ ಲೇಬಲ್ಲಿನ ಹೆಸರನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಸಯನೈಡಿಗೆ ಬೇರೆಯೇ ಮದ್ದು ಇದೆ, ಹೈಡ್ರೋಫ್ಲೋರಿಕ್ ಆಸಿಡ್ ತಗುಲಿದರೆ ಕ್ಯಾಲ್ಸಿಯಂ ಗ್ಲುಕೋನೇಟ್ ಬೇಕು. ಆಸ್ಪತ್ರೆಯಲ್ಲಿ ‘ಏನೋ ಆಸಿಡ್’ ಅಂದರೆ ಡಾಕ್ಟರಿಗೆ ಯಾವುದನ್ನು ಕೊಡಬೇಕೆಂದು ತಿಳಿಯುವುದಿಲ್ಲ.